ಕೇಳುವ ಮೊದಲು ಮೂರು ಸಾಲು

ಇದು ಹೋದ ವರ್ಷ ಜೂನ್‌ನಿಂದ ದೀಪಾವಳಿಯವರೆಗೆ ನಡೆದದ್ದು. ಡೇಟಾಬೇಸ್ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ವಧೂವರ ಕೇಂದ್ರದ ಡೇಟಾಬೇಸ್ ಆದರೆ ವಾರಕ್ಕೊಂದು.

ನಾನು ಓದಿದ್ದು ಬಿಎಸ್ಸಿ, ರಸಾಯನಶಾಸ್ತ್ರ. ಆಮೇಲೆ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ, ಬೀಜದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕೇಂದ್ರ. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಒಂದೊಂದು ಶಾಖೆ. ನಾಲ್ಕು ಊರಿಗೆ ನಾಲ್ಕು ಪಟ್ಟಿ, ನಾಲ್ಕು ರೀತಿ. ಎಲ್ಲವನ್ನೂ ಒಂದೇ ಡೇಟಾಬೇಸಿಗೆ ತರುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನದೂ ಒಂದು ಫಾರ್ಮ್ ಇದೆಯೇನು ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅದನ್ನು ಬಿಟ್ಟರೆ ಕೆಲಸ ಒಳ್ಳೆಯದು.

ಕೇಂದ್ರದಲ್ಲಿ ನನ್ನನ್ನು ಬಿಟ್ಟು ಇಬ್ಬರು. ಒಬ್ಬರು ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು. ಇನ್ನೊಬ್ಬರು ಫೋನ್ ಎತ್ತುವವರು. ಎಲ್ಲರೂ ಅವರನ್ನು ಅಕ್ಕಾರ ಎಂದೇ ಕರೆಯುವುದು. ಮೂವತ್ತೆಂಟು ವಯಸ್ಸು, ಮದುವೆ ಆಗಿಲ್ಲ. ಎಂಟು ವರ್ಷದ ಹಿಂದೆ ಅವರೂ ಒಂದು ಫಾರ್ಮ್ ತುಂಬಿ ಕೊಟ್ಟಿದ್ದರು. ವರನ ಕಡೆಯವರಿಗೆ ಕಳಿಸುವ ಪಟ್ಟಿಯನ್ನು ಕಂಪ್ಯೂಟರ್ ಆರಿಸುತ್ತಿತ್ತು, ಅಕ್ಕಾರು ಲಕೋಟೆಗೆ ಹಾಕುತ್ತಿದ್ದರು. ಎಂಟು ವರ್ಷದಲ್ಲಿ ಒಂದು ಪಟ್ಟಿಯಲ್ಲೂ ಅವರ ಹೆಸರು ಬಂದಿರಲಿಲ್ಲ.

ಕೈಯಿಂದ ಒಂದು ಹೆಸರು ಸೇರಿಸಬಹುದಿತ್ತಲ್ಲ ಎಂದು ಕೇಳಿದೆ.

“ನನ್ನ ಹೆಸರ ನಾನ ಬರದ ಕಳಿಸಿದ್ರ ಛಂದ ಕಾಣತೈತೇನ ತಂಗಿ?” ಎಂದರು. ಆಮೇಲೆ ಲಕೋಟೆಗೆ ಅಂಟು ಹಚ್ಚುತ್ತ, “ನಿನ್ನ ಹೊಸಾದರಾಗೂ ಬರಲಿಲ್ಲಂದ್ರ ನನ್ನ ಫಾರ್ಮ್ ತಗದ ಬಿಡು. ಸುಮ್ನ ಯಾಕ ಜಾಗಾ ಹಿಡೀಬೇಕು.”

ಡೇಟಾಬೇಸಿನಲ್ಲಿ ಒಬ್ಬರ ವಿವರ ಹಿಡಿಯುವ ಜಾಗ ಏನೇನೂ ಅಲ್ಲ ಎಂದು ನಾನು ವಿವರಿಸಿದೆ. ಅವರು ಆಗಲೇ ಫೋನ್ ಎತ್ತಿದ್ದರು.

1. ಊಟ ಆಯಿತೆ

ಮೊದಲ ವಾರವೇ ಸಿಕ್ಕಿಕೊಂಡೆ. ಎರಡು ಶಾಖೆಯ ಪಟ್ಟಿಗಳನ್ನು ಜೋಡಿಸುವುದು ಹೇಗೆಂದು ಹೊಳೆಯಲಿಲ್ಲ. ಡೇಟಾಬೇಸಿನವರೆಲ್ಲ ಸೇರುವ ಒಂದು ಜಾಲತಾಣ ಇದೆ, ಅಲ್ಲಿ ಏನು ಬೇಕಾದರೂ ಕೇಳಬಹುದು ಎಂದು ಕೋರ್ಸಿನಲ್ಲಿ ಹೇಳಿದ್ದರು. ಕೇಳಲು ಕುಳಿತೆ.

ನಮ್ಮ ಕಡೆ ಯಾರನ್ನಾದರೂ ಏನಾದರೂ ಕೇಳುವ ಮೊದಲು ಮಳೆ, ಬೆಳೆ, ಊಟ, ಮನೆಮಂದಿಯ ಆರೋಗ್ಯ ಕೇಳಬೇಕು. ನೇರ ವಿಷಯಕ್ಕೆ ಬಂದರೆ ಸೊಕ್ಕು ಎನ್ನುತ್ತಾರೆ. ಅಧ್ಯಕ್ಷರು ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಎಲ್ಲ ಹಿರಿಯರಿಗೆ ನಮಸ್ಕಾರ. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಊಟ ಆಗಿರಬಹುದು. ಇಲ್ಲಿ ಮಳೆ ಚೆನ್ನಾಗಿದೆ. ಸೋಯಾ ಬಿತ್ತನೆ ಮುಗಿದಿದೆ, ತಮ್ಮ ಕಡೆ ಹೇಗೆ? ಆರನೆಯ ಸಾಲಿನಲ್ಲಿ ಪ್ರಶ್ನೆ ಬಂತು.

ಹತ್ತು ನಿಮಿಷದಲ್ಲಿ ಯಾರೋ ಮೊದಲ ಐದು ಸಾಲು ಅಳಿಸಿದರು. ಇನ್ಯಾರೋ ಪ್ರಶ್ನೆಯನ್ನೇ ಮುಚ್ಚಿದರು. ಕೆಳಗೆ ಒಂದು ಸೂಚನೆ: ಇದಕ್ಕೆ ಹನ್ನೊಂದು ವರ್ಷದ ಹಿಂದೆಯೇ ಉತ್ತರ ಕೊಡಲಾಗಿದೆ, ಕೇಳುವ ಮೊದಲು ಹುಡುಕಿ.

ಅಧ್ಯಕ್ಷರಿಗೆ ಬೇಸರವಾಯಿತು. ಬಾಗಿಲಿಗೆ ಬಂದವರನ್ನು ಹೀಗೆ ಕಳಿಸುವುದು ಯಾವ ರೀತಿ, ಸೋಯಾದ ವಿಷಯವನ್ನಾದರೂ ಹೇಳಬಾರದಿತ್ತೆ ಎಂದರು. ಅಕ್ಕಾರಿಗೆ ಮಾತ್ರ ಹನ್ನೊಂದು ವರ್ಷದ ಹಿಂದೆ ಕೇಳಿದವನ ಗತಿ ಏನಾಯಿತೆಂದು ತಿಳಿಯಬೇಕಿತ್ತು. ತೆರೆದು ನೋಡಿದೆ. ಅವನಿಗೂ ಬೈದಿದ್ದರು. ಅವನು ಕೇಳುವ ಎರಡು ವರ್ಷ ಮೊದಲೇ ಉತ್ತರ ಇತ್ತಂತೆ.

2. ಮಗನನ್ನು ಕೇಳಿದಿರಾ

ಅದೇ ತಾಣದಲ್ಲಿ ಒಬ್ಬ ಪುಣ್ಯಾತ್ಮರು ಬೈಯದೆ ಒಂದು ದಾರಿ ಹೇಳಿದ್ದರು. ಕೇಳುವ ಮೊದಲು ಮೂರು ಸಾಲು ಬರೆಯಬೇಕು. ಏನು ಬೇಕು, ಈವರೆಗೆ ಏನು ಮಾಡಿದಿರಿ, ಏನು ಬಂತು. ಅರ್ಧ ಪ್ರಶ್ನೆಗಳು ಬರೆಯುವಾಗಲೇ ತೀರಿಹೋಗುತ್ತವೆ. ಇದು ನನಗೆ ಪ್ರಯೋಗಶಾಲೆಯ ಪುಸ್ತಕದಂತೆ ಕಂಡಿತು. ಕನ್ನಡದಲ್ಲಿ ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದೆ.

ಅಕ್ಕಾರಿಗೆ ಬಹಳ ಹಿಡಿಸಿತು. ಮರುದಿನದಿಂದ ಫೋನ್ ಮಾಡಿದವರಿಗೆಲ್ಲ ಅದನ್ನೇ ಕೇಳತೊಡಗಿದರು.

ಮುನವಳ್ಳಿಯ ಒಬ್ಬ ತಂದೆ ಒಂದು ವರ್ಷದಿಂದ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದರು. ಮಗನಿಗೆ ಒಂದು ಚಲೋ ಹುಡುಗಿ ಬೇಕು. ಆ ಸೋಮವಾರ ಅಕ್ಕಾರು, ನೀವು ನಿಮ್ಮ ಕಡೆಯಿಂದ ಏನು ಹುಡುಕಿದಿರಿ ಎಂದು ಕೇಳಿದರು. ಏನೂ ಇಲ್ಲ, ಹುಡುಕುವುದು ನಿಮ್ಮ ಕೆಲಸ ಎಂದರು ತಂದೆ. ಅಕ್ಕಾರು ಬಿಡಲಿಲ್ಲ. ಮಗನನ್ನಾದರೂ ಕೇಳಿದಿರಾ ಎಂದರು. ಕೇಳಿರಲಿಲ್ಲ. ಫೋನ್ ಇಡದೆಯೇ ಅಲ್ಲಿಂದ ಮಗನನ್ನು ಕೂಗಿದರು. ಇಲ್ಲಿ ನಮಗೆ ಎಲ್ಲ ಕೇಳಿಸುತ್ತಿತ್ತು.

ಮಗ ಹುಡುಕಿದ್ದ. ಹುಡುಗಿ ಮುರಗೋಡದವಳು, ನರ್ಸ್. ಇಬ್ಬರೂ ಒಪ್ಪಿ ಎರಡು ವರ್ಷವಾಗಿತ್ತು.

“ಮತ್ತ ಹೇಳಬಾರದೇನೋ?”

“ನೀ ಯಾವಾಗ ಕೇಳಿದಿ ಯಪ್ಪಾ?”

ಶ್ರಾವಣದಲ್ಲಿ ಮದುವೆಯಾಯಿತು. ಕೇಂದ್ರದ ಮೂಲಕ ನೆರವೇರಿದ ಮದುವೆಗಳ ಪಟ್ಟಿಯಲ್ಲಿ ಅಧ್ಯಕ್ಷರು ಅದನ್ನೂ ಸೇರಿಸಿದರು. ಕೇಂದ್ರ ಮಾಡಿದ ಕೆಲಸ ಎಂಬ ಕಾಲಂನಲ್ಲಿ ‘ವಿಚಾರಿಸಿದ್ದು’ ಎಂದು ಬರೆದರು.

3. ಅರವತ್ತೆರಡನೆಯ ಪುಟ

ಕಿತ್ತೂರು ಶಾಖೆಯನ್ನು ಒಬ್ಬ ಹಿರಿಯರು ನೋಡಿಕೊಳ್ಳುತ್ತಾರೆ. ಅವರಿಗೆ ಏನಿದ್ದರೂ ಫೋನ್. ಫೋಟೋ ಎಲ್ಲಿ ಹಾಕಬೇಕು, ಹಾಕಿದ ಫೋಟೋ ಎಲ್ಲಿ ಹೋಯಿತು. ಒಂದು ದಿನ ಒಂಬತ್ತು ಸಲ ಆಯಿತು. ಒಂಬತ್ತನೆಯ ಸಲ ನಾನು ನಯವಾಗಿ ಹೇಳಿದೆ: ಕೈಪಿಡಿ ಕಂಪ್ಯೂಟರಿನಲ್ಲೇ ಇದೆ, ಮೊದಲು ಅದರಲ್ಲಿ ನೋಡಿರಿ, ಸಿಗದಿದ್ದರೆ ಕೇಳಿರಿ.

ಮರುದಿನ ಫೋನ್ ಇಲ್ಲ. ನಾಲ್ಕು ದಿನ ಇಲ್ಲ. ನನ್ನ ವಿಧಾನ ಫಲಿಸಿತು ಎಂದು ಸಂತೋಷಪಟ್ಟೆ. ಐದನೆಯ ದಿನ, ಅಲ್ಲಿಂದ ಒಂದು ಹೊಸ ಹೆಸರೂ ಬಂದಿಲ್ಲ ಎಂದು ಗಮನಿಸಿ ಬಸ್ ಹತ್ತಿದೆ.

ಹಿರಿಯರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಮೇಜಿನ ಮೇಲೆ ನಾಲ್ಕು ಬೆರಳು ದಪ್ಪದ ಕಾಗದದ ಕಟ್ಟು. ಪೂರ್ತಿ ಕೈಪಿಡಿಯನ್ನು ಪ್ರಿಂಟ್ ತೆಗೆದಿದ್ದರು. ಸಾಲು ಸಾಲಿಗೂ ಕೆಂಪು ಗೆರೆ.

“ಅರವತ್ತೆರಡನೇ ಪೇಜಿಗೆ ಬಂದೇನ್ರಿ ಮೇಡಂ,” ಎಂದರು.

ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂದೆ. ಅದು ಈಗ ನೆನಪಿಲ್ಲ ಎಂದರು. ಹೊಸ ಹೆಸರು ಯಾಕೆ ಸೇರಿಸಿಲ್ಲ ಎಂದೆ. ಬಂದವರಿಗೆ ಫಾರ್ಮ್ ಪ್ರಿಂಟ್ ತೆಗೆದು ಕೊಡಲು ಕಾಗದ ಉಳಿದಿರಲಿಲ್ಲ.

4. ಐವರು ಒಬ್ಬ

ಸವದತ್ತಿ ಶಾಖೆಯ ಪಟ್ಟಿಯಲ್ಲಿ ಒಬ್ಬರ ಹೆಸರೇ ಎರಡೆರಡು ಸಲ ಇರುತ್ತಿತ್ತು. ಈ ಸಲ ಯಾರನ್ನೂ ಕೇಳಲಿಲ್ಲ. ಹುಡುಕಿದೆ, ಓದಿದೆ, ಮೂರು ಸಾಲು ಬರೆದೆ. ಹೆಸರು, ಅಡ್ಡಹೆಸರು, ಊರು ಮೂರೂ ಒಂದೇ ಆದರೆ ಒಬ್ಬರೇ ಎಂದು ತಿಳಿದು ಕೂಡಿಸು. ನನಗೆ ಸಿಕ್ಕ ಉತ್ತರಗಳೆಲ್ಲ ಇದನ್ನೇ ಹೇಳಿದವು. ಹಳೆಯ ಪಟ್ಟಿಯ ಒಂದು ಪ್ರತಿ ತೆಗೆದಿಟ್ಟು ಕೂಡಿಸಿದೆ. ಯಂತ್ರ ಒಂದೂ ತಪ್ಪು ತೋರಿಸಲಿಲ್ಲ.

ಎರಡು ವಾರದ ಮೇಲೆ ರಾಮದುರ್ಗದ ಒಂದು ಕುಟುಂಬ ವರನನ್ನು ನೋಡಲು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಯಿತು. ಪಟ್ಟಿಯ ಪ್ರಕಾರ ಹುಡುಗ ಒಬ್ಬ. ಪಡಸಾಲೆಯಲ್ಲಿ ಕುಳಿತವರು ಐವರು. ಪಟ್ಟಿಯಲ್ಲಿದ್ದ ಫೋಟೋ ಮೊದಲನೆಯವನದು, ಫೋನ್ ನಂಬರ್ ಎರಡನೆಯವನದು, ನೌಕರಿ ಮೂರನೆಯವನದು. ಜನ್ಮದಿನಾಂಕ ನಾಲ್ಕನೆಯವನದು. ಐದನೆಯವನದು ಏನೂ ಇರಲಿಲ್ಲ, ಆದರೂ ಕರೆದದ್ದು ತನ್ನ ಹೆಸರನ್ನೇ ಎಂದು ಬಂದು ಕುಳಿತಿದ್ದ.

ಅವರು ಅಣ್ಣತಮ್ಮಂದಿರ ಮಕ್ಕಳು. ತೀರಿಹೋದ ಅಜ್ಜನ ಹೆಸರನ್ನು ಐದೂ ಮೊಮ್ಮಕ್ಕಳಿಗೆ ಇಟ್ಟಿದ್ದರು. ನಮ್ಮ ಕಡೆ ಇದು ವಿಶೇಷವಲ್ಲ, ಆದರೆ ಜಾಲತಾಣದಲ್ಲಿ ಉತ್ತರ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತು, ನೆನಪಾಗಲಿಲ್ಲ.

ಹುಡುಗಿಯ ತಂದೆ ಪಟ್ಟಿಯಲ್ಲಿದ್ದ ಹೆಸರನ್ನು ಓದಿ, ಇವರಲ್ಲಿ ಇವನು ಯಾರು ಎಂದು ಆ ಮನೆಯ ಅಜ್ಜಿಯನ್ನು ಕೇಳಿದರಂತೆ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರೇ ಹೊರತು ಹೇಳಲಿಲ್ಲ. ಗಂಡನ ಹೆಸರನ್ನು ಅವರು ಯಾವತ್ತೂ ಬಾಯಿಂದ ಆಡಿದವರಲ್ಲ. ಹೀಗಾಗಿ ಐದು ಮೊಮ್ಮಕ್ಕಳಲ್ಲಿ ಒಬ್ಬರನ್ನೂ ಹೆಸರು ಹಿಡಿದು ಕರೆದಿರಲಿಲ್ಲ.

ಸಂಜೆ ಹುಡುಗಿಯ ತಂದೆ ಫೋನ್ ಮಾಡಿದರು. ಸುದ್ದಿ ಮಧ್ಯಾಹ್ನವೇ ಸವದತ್ತಿ ಶಾಖೆಯಿಂದ ಬಂದಿತ್ತು, ಬೈಸಿಕೊಳ್ಳಲು ಸಿದ್ಧಳಾಗಿ ಎತ್ತಿದೆ. ನಾಲ್ಕನೆಯ ಹುಡುಗ ಒಪ್ಪಿಗೆಯಾಗಿದ್ದ. ಒಂದೇ ಬಸ್ಸಿಗೆ ಹೋಗಿ, ಒಂದೇ ಚಹಾ ಕುಡಿದು, ಐದು ವರ ನೋಡಿ ಬಂದೆವು, ಈ ವ್ಯವಸ್ಥೆ ಬಹಳ ಚಲೋ ಎಂದರು. ನಾನು ಆ ಹೊತ್ತಿಗೆ ಹಳೆಯ ಪ್ರತಿಯನ್ನು ಮರಳಿ ಹಾಕಿ, ತಂದೆತಾಯಿಯ ಹೆಸರನ್ನೂ ಹೋಲಿಸುವಂತೆ ಮಾಡಿಯಾಗಿತ್ತು. ಅಧ್ಯಕ್ಷರು ಅದೇಕೆ ತೆಗೆದೆ ಎಂದು ಕೇಳಿದರು.

5. ಖಾಲಿ ಜಾಗ

ದೀಪಾವಳಿಗೆ ಎಂಟು ದಿನ ಇರುವಾಗ ಹೊಸ ವ್ಯವಸ್ಥೆ ಶುರುವಾಯಿತು. ಅಧ್ಯಕ್ಷರು ಕಂಪ್ಯೂಟರಿಗೆ ಹೂ ಏರಿಸಿ, ಮೊದಲ ಹುಡುಕಾಟ ಅಕ್ಕಾರೇ ಮಾಡಲಿ ಎಂದರು. ಅಕ್ಕಾರು ಕುಳಿತು ತಮ್ಮ ವಯಸ್ಸು, ತಮ್ಮ ಓದು, ತಮ್ಮ ತಾಲ್ಲೂಕು ಹಾಕಿದರು. ವರನ ಕಡೆಯವರೆಲ್ಲ ಕೇಳುವಂತೆ, ಎತ್ತರ ಐದು ಅಡಿಗೆ ಕಡಿಮೆ ಇಲ್ಲದಂತೆ ಎಂದೂ ಹಾಕಿ ಬಟನ್ ಒತ್ತಿದರು. ಆರು ಹೆಸರು ಬಂದವು. ಅವರದು ಇರಲಿಲ್ಲ.

“ಆತು ಬಿಡು ತಂಗಿ. ತಗದ ಬಿಡು ಇನ್ನ.”

ಅಷ್ಟರಲ್ಲಿ ಫೋನ್ ಬಂತು. ಎತ್ತಿ ಮಾತಾಡಿದರು. ದನಿ ಎಂದಿನಂತೆಯೇ ಇತ್ತು. ನಾನು ಸಂಜೆಯವರೆಗೆ ಸಮಯ ಕೇಳಿದೆ.

ಜಾಲತಾಣ ತೆರೆದೆ. ಪ್ರಶ್ನೆಯ ಮೊದಲು ಮೂರು ಸಾಲು. ಏನು ಬೇಕು: ಅಕ್ಕಾರ ಹೆಸರು. ಏನು ಮಾಡಿದೆ: ಇಲ್ಲಿ ಹುಡುಕಾಟದ ಷರತ್ತುಗಳನ್ನು ಒಂದೊಂದಾಗಿ ಬರೆದು ಅವರ ಫಾರ್ಮಿನ ಜೊತೆ ಹಿಡಿದು ನೋಡಬೇಕಾಯಿತು. ವಯಸ್ಸು ಸರಿ. ಓದು ಸರಿ. ತಾಲ್ಲೂಕು ಸರಿ. ಎತ್ತರ ಖಾಲಿ.

ಮೂರನೆಯ ಸಾಲು ಬರೆಯಲಿಲ್ಲ. ಪ್ರಶ್ನೆಯನ್ನೂ ಹಾಕಲಿಲ್ಲ. ಕೈಪಿಡಿಯಲ್ಲಿ ಖಾಲಿ ಜಾಗದ ಬಗ್ಗೆ ಅರ್ಧ ಪುಟ ಇತ್ತು. ಖಾಲಿ ಎಂದರೆ ಸೊನ್ನೆ ಅಲ್ಲ. ಅದು ಐದು ಅಡಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಸಮವೂ ಅಲ್ಲ. ಹೋಲಿಸಿ ಕೇಳಿದರೆ ಯಾವುದಕ್ಕೂ ಹೌದು ಎನ್ನುವುದಿಲ್ಲ. ಹಾಗಾಗಿ ಖಾಲಿ ಬಿಟ್ಟವರು ಎಲ್ಲ ಪಟ್ಟಿಯಿಂದಲೂ ಹೊರಗೆ. ಹಳೆಯ ಕಂಪ್ಯೂಟರೂ ಎಂಟು ವರ್ಷ ಇದನ್ನೇ ಮಾಡಿತ್ತು.

ನಮ್ಮ ಕಡೆ ಫಾರ್ಮಿನಲ್ಲಿ ಖಾಲಿ ಬಿಟ್ಟರೆ, ಎದುರಿಗೆ ಬಂದಾಗ ಹೇಳುತ್ತೇವೆ ಎಂದು ಅರ್ಥ. ಓದುವವರಿಗೂ ಅದು ತಿಳಿಯುತ್ತದೆ. ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಅಕ್ಕಾರನ್ನು ಕೇಳಿದೆ.

“ಎದುರಿಗೆ ಬಂದಾಗ ಹೇಳೂಣಂತ ಬಿಟ್ಟಿದ್ದೆ,” ಎಂದರು. “ಎದುರಿಗೆ ಯಾರೂ ಬರಲಿಲ್ಲ.”

ಒಂದು ಷರತ್ತು ಸೇರಿಸಿದೆ: ಎತ್ತರ ಕೇಳಿದಷ್ಟು ಇರಲಿ, ಇಲ್ಲವೇ ಖಾಲಿ ಇರಲಿ. ನಾಲ್ಕೂ ಊರು ಸೇರಿ ಇನ್ನೂರ ಹದಿನೇಳು ಜನ ಮೊದಲ ಸಲ ಪಟ್ಟಿಗೆ ಬಂದರು. ಅಕ್ಕಾರು ಅವರಲ್ಲಿ ಒಬ್ಬರು. ಅವರಿಗೆ ಹೊಂದುವ ವರಗಳು ಹದಿನಾಲ್ಕು.

ಈಗಲೇ ಎಲ್ಲರಿಗೂ ಫೋನ್ ಹಚ್ಚು ಎಂದರು ಅಧ್ಯಕ್ಷರು. ಅಕ್ಕಾರು ಒಪ್ಪಲಿಲ್ಲ.

“ಹುಡುಕಲಾರದ ಕೇಳಿದ್ರ ಬೈತಾರ್ರಿ ಸರ್. ಗೊತ್ತ ಐತೆಲ್ಲ.”

ಮೂರು ದಿನ ಅವರು ಫೋನ್ ಮಾಡಿದರು, ಆ ಹದಿನಾಲ್ಕು ಜನರಿಗಲ್ಲ, ಅವರ ಊರಿನ ಕಿರಾಣಿ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಪೋಸ್ಟಿಗೆ. ಎಂಟು ವರ್ಷದಲ್ಲಿ ಪ್ರತಿ ಊರಲ್ಲೂ ಪರಿಚಯದವರಿದ್ದರು. ಇಬ್ಬರ ಮದುವೆ ಆಗಲೇ ಆಗಿತ್ತು. ಒಬ್ಬರಿಗೆ ಎರಡು ಮಕ್ಕಳೂ ಇದ್ದವು. ಉಳಿದವರನ್ನು ಅಕ್ಕಾರು ಒಂದೊಂದು ಕಾರಣ ಬರೆದು ತೆಗೆದರು. ಕೊನೆಗೆ ಒಬ್ಬರು ಉಳಿದರು. ರಾಮದುರ್ಗದ ಚಿತ್ರಕಲೆಯ ಮಾಸ್ತರರು, ನಲವತ್ತೊಂದು ವಯಸ್ಸು. ಅವರ ಫಾರ್ಮಿನಲ್ಲೂ ಎತ್ತರ ಖಾಲಿ ಇತ್ತು.

ಹಬ್ಬದ ರಜೆ ಮುಗಿದು ಬಾಗಿಲು ತೆರೆದ ದಿನ ಮಾಸ್ತರರು ತಮ್ಮ ಅಕ್ಕನ ಜೊತೆ ಬಂದರು. ಖಾಲಿ ಜಾಗ ಎಂದರೆ ಅಧ್ಯಕ್ಷರಿಗೆ ಈಗ ಆಗುತ್ತಿರಲಿಲ್ಲ. ಅವತ್ತು ಬೆಳಿಗ್ಗೆಯೇ ಟೇಪ್ ತರಿಸಿದ್ದರು. ಇನ್ನು ಮುಂದೆ ಅಳೆಯದೆ ಯಾರನ್ನೂ ಕೂಡಿಸುವುದಿಲ್ಲ, ಮೊದಲು ನಮ್ಮವರಿಂದಲೇ ಎಂದು ಅಕ್ಕಾರನ್ನು ಗೋಡೆಗೆ ನಿಲ್ಲಿಸಿದರು. ಐದು ಅಡಿ ಎಂಟು ಇಂಚು. ಪಕ್ಕದಲ್ಲಿ ಮಾಸ್ತರರನ್ನು ನಿಲ್ಲಿಸಿದರು. ಐದು ಅಡಿ ಆರು.

ಅಧ್ಯಕ್ಷರು ಟೇಪ್ ಸುತ್ತತೊಡಗಿದರು.

“ಇದಕ್ಕ ನೋಡ್ರಿ, ನಾ ಖಾಲಿ ಬಿಟ್ಟಿದ್ದು,” ಎಂದರು ಮಾಸ್ತರರು.

“ನಾನೂ ಇದಕ್ಕರಿ,” ಎಂದರು ಅಕ್ಕಾರು.

ಮೊದಲು ನಕ್ಕವರು ಮಾಸ್ತರರ ಅಕ್ಕ. ಆಮೇಲೆ ಎಲ್ಲರೂ ಕುಳಿತೆವು, ಚಹಾ ಬಂತು. ನಿಮಗೆ ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದು ಮಾಸ್ತರರು ಸಂಕೋಚದಿಂದ ಹೇಳಿದರು.

“ಕೇಳೂದ ಏನೂ ಇಲ್ರಿ,” ಎಂದರು ಅಕ್ಕಾರು. “ನಿಮ್ಮ ಬಗ್ಗೆ ಎಲ್ಲಾ ಹುಡುಕಿ ಇಟ್ಟೇನಿ. ನೀವ ಕೇಳ್ರಿ.”

ಮಾಸ್ತರರು ಒಂದೇ ಒಂದು ಕೇಳಿದರು, ಯಾವಾಗ ಎಂದು. ಮಾರ್ಗಶಿರ ಎಂದು ನಿಶ್ಚಯವಾಯಿತು.

ಅವರು ಹೋದ ಮೇಲೆ ಇಬ್ಬರ ಎತ್ತರವನ್ನೂ ತುಂಬಿದೆ. ಎತ್ತರದ ಕಾಲಂನಲ್ಲಿ ಖಾಲಿ ಉಳಿದವರು ಇನ್ನೂರ ಹದಿನೈದು.