ಒಂದು ಚರಿಗಿ ದೀಕ್ಷಾಸ್ನಾನ

ಓದಿದವರಿಗೆ ಎರಡು ಬಗೆಯ ಕಷ್ಟಗಳಿವೆ. ಓದಿದ್ದು ಮರೆತುಹೋಗುವುದು ಮೊದಲನೆಯದು. ಅದಕ್ಕೆ ಔಷಧವಿಲ್ಲ, ಆದರೆ ಅದರಲ್ಲೊಂದು ನೆಮ್ಮದಿಯಿದೆ. ಓದದೆ ಇದ್ದದ್ದೂ ನೆನಪಿಗೆ ಬರುವುದು ಎರಡನೆಯದು. ನನ್ನದು ಈ ಎರಡನೆಯ ಜಾತಿಯ ಕಾಯಿಲೆ. ಹೈದರಾಬಾದಿನಲ್ಲಿ ಚರಿತ್ರೆ ಓದಿ ಬಂದು ರಾಯಚೂರಿನಲ್ಲಿ ಮಾಸ್ತರಿಕೆ ಮಾಡುತ್ತಿರುವ ನಾನು ಒಮ್ಮೆ ತರಗತಿಯಲ್ಲಿ ಒಬ್ಬ ಬಾದಶಹನ ಬಾಯಿಂದ ಬಹಳ ಸೊಗಸಾದ ಮಾತೊಂದನ್ನು ಆಡಿಸಿದೆ. ಹುಡುಗರು ಬರೆದುಕೊಂಡರು. ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು, ಅದು ಬಾದಶಹನ ಮಾತಲ್ಲ, ನಮ್ಮ ಸೋದರಮಾವ ಆಳಿನ ಮೇಲೆ ರೇಗಿದಾಗ ಆಡಿದ್ದು. ಎಲ್ಲವನ್ನೂ ಸಂಶಯದಿಂದ ನೋಡಬೇಕೆಂದು ವಿಶ್ವವಿದ್ಯಾಲಯ ಕಲಿಸಿತು. ಕಲಿತ ವಿದ್ಯೆಯನ್ನು ದೇವರ ಮೇಲೆ ಪ್ರಯೋಗಿಸಿ ಮುಗಿದ ಮೇಲೆ ಉಳಿದದ್ದು ನನ್ನ ತಲೆಯೊಂದೇ.

ಇಂಥ ತಲೆಯನ್ನು ನಂಬಿ ಒಂದು ಮದುವೆ ನಿಂತಿತ್ತೆಂದರೆ ನಿಮಗೆ ನಗು ಬರಬಹುದು. ಹೋದ ವರ್ಷದ ಮಾತು, ಮಹಾಯುದ್ಧ ನಡೆದಿದ್ದ ಕಾಲ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಕರುಣಪ್ಪ ದೇವದುರ್ಗದ ಕ್ರೈಸ್ತ. ಅವನಿಗೆ ಮಾನ್ವಿಯ ಕಂಪೌಂಡರ್ ದಾನಿಯೇಲಪ್ಪನವರ ಮಗಳು ಎಸ್ತೇರಮ್ಮ ಗೊತ್ತಾಗಿದ್ದಳು. ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪದೆ ಇದ್ದದ್ದು ನೀರು. ಕರುಣಪ್ಪನ ಸಭೆಯವರು, ಅಂದರೆ ಚರ್ಚಿನವರು, ಕೂಸಿನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವವರು. ದಾನಿಯೇಲಪ್ಪನವರ ಸಭೆಯವರು ಬುದ್ಧಿ ಬಂದವರನ್ನು ಹೊಳೆಯಲ್ಲಿ ಮುಳುಗಿಸಿ ಎತ್ತುವವರು. ಅಳಿಯನಾಗುವವನು ಮೊದಲು ತುಂಗಭದ್ರೆಯಲ್ಲಿ ಮುಳುಗಿ ಬರಲಿ ಎಂದು ಬೀಗರು ಪಟ್ಟು ಹಿಡಿದಿದ್ದರು.

"ಮುಳುಗಿಬಿಡು ಮಾರಾಯ, ಬ್ಯಾಸಿಗಿ ಅದ, ತಂಪಾಗ್ತದ" ಎಂದೆ ನಾನು.

"ನನಗೇನು, ಎರಡು ಸರ್ತಿ ಮುಳುಗ್ತೀನ್ರಿ. ಎದ್ದು ಬಂದ ಮ್ಯಾಲ ನಮ್ಮವ್ವನ ಮುಖ ಹೆಂಗ ನೋಡ್ಲಿ?" ಎಂದ ಕರುಣಪ್ಪ. ಅವನ ತಾಯಿ ಶಾಂತಮ್ಮ, ಮಗ ಮುಳುಗಿದರೆ ಮದುವೆಗೆ ಬರುವುದಿಲ್ಲ ಎಂದಿದ್ದಳು. ಮುಳುಗದಿದ್ದರೆ ಹೆಣ್ಣಿಲ್ಲ. ಅವನೇ ಮುಂದುವರಿಸಿದ: "ನೀವು ಚರಿತ್ರೆ ಓದೀರಿ. ಮೊದಲಿನ ಸಭೆಯವರು ಹೆಂಗ ಮಾಡ್ತಿದ್ರು ಅಂತ ನೀವೇ ಬಂದು ಹೇಳ್ರಿ. ನೀವು ಆ ಕಡಿನೂ ಅಲ್ಲ, ಈ ಕಡಿನೂ ಅಲ್ಲ."

ಯಾವ ಕಡೆಗೂ ಸೇರದವನು ಎಂಬುದು ಇಷ್ಟು ದೊಡ್ಡ ಅರ್ಹತೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಇಂಥ ಜಗಳ ನಮ್ಮ ಮನೆಗೆ ಹೊಸದಲ್ಲ. ನಮ್ಮ ವೈಷ್ಣವ ಮನೆತನದಲ್ಲಿ ತಂದೆಯ ಮಠದ ಏಕಾದಶಿ ಒಂದು ದಿನವಾದರೆ ತಾಯಿಯ ತವರಿನ ಮಠದ್ದು ಮರುದಿನ ಬರುತ್ತಿತ್ತು. ಅಮ್ಮ ಎರಡೂ ದಿನ ಉಪವಾಸ ಮಾಡಿ ಇಬ್ಬರ ದೇವರನ್ನೂ ಸಮಾಧಾನಪಡಿಸುತ್ತಿದ್ದಳು. ಇಬ್ಬರದೂ ಒಂದೇ ದೇವರೆಂದು ಯಾರಾದರೂ ನೆನಪಿಸಿದರೆ, "ಅದಕ್ಕೇ ಹೆದರಿಕಿ" ಎನ್ನುತ್ತಿದ್ದಳು.

ಯುದ್ಧದಿಂದ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಕೆಮ್ಮುತ್ತ ಮಾನ್ವಿ ತಲುಪುವವರೆಗೂ ನಾನು ಆದಿ ಸಭೆಯ ಬಗ್ಗೆ ತಿಳಿದಿದ್ದನ್ನು ಕೂಡಿಸಲು ಯತ್ನಿಸಿದೆ. ನಮ್ಮ ರಾಯಚೂರಿನಲ್ಲಿ ಗಂಟೆ ಇರುವ ಸಭೆ ಒಂದು, ಗಂಟೆ ಬೇಡವೆನ್ನುವುದು ಒಂದು. ಒಂದರಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ಹಾರ್ಮೋನಿಯಂ ಎಂದರೆ ಸೈತಾನನ ಪೆಟ್ಟಿಗೆ. ಎಲ್ಲರೂ ಹೇಳುವುದು ಮಾತ್ರ ಒಂದೇ: ಅಪೊಸ್ತಲರ, ಅಂದರೆ ಕ್ರಿಸ್ತನ ಮೊದಲ ಶಿಷ್ಯರ, ಕಾಲದಲ್ಲಿ ಇದ್ದದ್ದು ನಮ್ಮ ಪದ್ಧತಿ. ನನಗೆ ಕಾಣುವ ಮಟ್ಟಿಗೆ ಅಪೊಸ್ತಲರ ಕಾಲದಲ್ಲಿ ಗಂಟೆಯೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ, ಸಭೆಯ ಹೆಸರು ಬರೆದ ಬೋರ್ಡಂತೂ ಇರಲೇ ಇಲ್ಲ. ಯಾರದೋ ಮನೆಯ ಪಡಸಾಲೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಧಣಿ ಮತ್ತು ಆಳು ಒಂದೇ ರೊಟ್ಟಿ ಮುರಿದು ತಿನ್ನುತ್ತಿರುವುದು, ರೊಟ್ಟಿ ಮೊದಲು ಯಾರಿಗೆಂದು ಮೆಲ್ಲಗೆ ಜಗಳ. ಜಗಳವಿತ್ತೆಂದು ನನಗೆ ಖಾತ್ರಿ. ರೊಟ್ಟಿಯ ವಿಷಯದಲ್ಲಿ ಸ್ವಲ್ಪ ಸಂಶಯ.

ದಾನಿಯೇಲಪ್ಪನವರ ಪಡಸಾಲೆಯಲ್ಲಿ ಒಂದು ಗೋಡೆಗೆ ಅವರು, ಎದುರು ಗೋಡೆಗೆ ಶಾಂತಮ್ಮ, ನಡುವೆ ತಲೆ ತಗ್ಗಿಸಿದ ಕರುಣಪ್ಪ. ಒಳಬಾಗಿಲ ಹಿಂದೆ ಎಸ್ತೇರಮ್ಮನ ಬಳೆ ಸದ್ದು. ದಾನಿಯೇಲಪ್ಪನವರು ಔಷಧ ಅಳೆಯುವವರಂತೆ ಮಾತನ್ನೂ ಅಳೆದು ಆಡುವವರು.

"ನೋಡ್ರಿ ಮಾಸ್ತರ್, ಗ್ರಂಥದಾಗ ಸಾಫ್ ಬರದದ. ಸ್ವಾಮಿ ದೀಕ್ಷಾಸ್ನಾನ ತಗೊಂಡು ಯೊರ್ದನ್ ಹೊಳಿಯೊಳಗಿಂದ ಮ್ಯಾಲ ಬಂದ. ಒಳಗ ಇಳೀಲಾರದ ಮ್ಯಾಲ ಹೆಂಗ ಬರ್ತಾರ್ರೀ?"

"ಹಂಗಾದ್ರ ನನ್ನ ಮಗ ಇಷ್ಟ ವರ್ಷ ಕ್ರೈಸ್ತ ಆಗಿದ್ದು ಸುಳ್ಳೇನ್ರೀ?" ಎಂದಳು ಶಾಂತಮ್ಮ.

"ಸುಳ್ಳು ಅನ್ನೂದಿಲ್ರಿ ಯವ್ವಾ. ಅರ್ಧ ಆಗ್ಯಾನ ಅಂತೀನಿ."

"ಅರ್ಧ ಕ್ರೈಸ್ತನ್ನ ಕೇಳ್ಕೊಂಡು ದೇವದುರ್ಗದ ತನಕ ಯಾಕ ಬಂದಿದ್ರಿ? ಮಾನ್ವ್ಯಾಗ ಪೂರಾ ಆದವರು ಸಿಗಲಿಲ್ಲೇನು?"

ಒಳಗಿನ ಬಳೆ ಸದ್ದು ನಿಂತಿತು. ನಗು ತಡೆದುಕೊಂಡ ಹಾಗೆ ಕೇಳಿಸಿತು. ಆದರೆ ಶಾಂತಮ್ಮ ನಗುತ್ತಿರಲಿಲ್ಲ. ಸೆರಗಿನಿಂದ ಮುಖ ಒರಸಿಕೊಂಡು ನೆಲ ನೋಡುತ್ತ ಹೇಳಿದಳು:

"ಇವ ಹುಟ್ಟಿದಾಗ ನಾವು ಅರಕೇರಾದಾಗ ಇದ್ವಿ. ನಮ್ಮ ಕೇರಿಗೆ ಬಾವಿ ಇರಲಿಲ್ರಿ. ಊರ ಬಾವಿ ನಾವು ಮುಟ್ಟಾಂಗಿರಲಿಲ್ಲ. ಯಾರರ ಮ್ಯಾಲಿನವರು ಸೇದಿ ಸುರುವಿದ್ರ ನಮಗ ನೀರು. ಪಾದ್ರಿ ಬರ್ತಾರಂತ ಇವನಪ್ಪ ಮುಂಜಾನಿಂದ ಬಾವಿ ಬಾಜೂಕ ಕುಂತು, ಕೈ ಮುಗುದು, ಒಂದು ಚರಿಗಿ ನೀರು ತಂದ. ಕೂಸಿನ ತಲಿಗೆ ಹಾಕಿ ಉಳಿದದ್ದು ನಾವೆಲ್ಲಾ ಒಂದೊಂದ ಗುಟುಕು ಕುಡದ್ವಿ. ಅವ ಈಗಿಲ್ಲ. ಅವ ತಂದ ನೀರು ಕಡಿಮಿ ಬಿತ್ತು ಅಂತೀರಿ ನೀವು."

ಆ ಊರ ಬಾವಿಗಳನ್ನು ಮುಟ್ಟಬಲ್ಲ ಜಾತಿಯಲ್ಲಿ ಹುಟ್ಟಿದ ನಾನು ಕುಳಿತಲ್ಲೇ ಸ್ವಲ್ಪ ಸರಿದೆ. ಆಗ ನನ್ನ ತಲೆಯಲ್ಲಿ ಪ್ರೊಫೆಸರರ ದನಿ ಎದ್ದಿತು. ಬಿಸಿಲಿನ ಮಧ್ಯಾಹ್ನದ ಪಾಠ. ಆದಿ ಸಭೆಯವರ ಯಾವುದೋ ಹಳೆಯ ಕಟ್ಟಳೆಯ ಪುಸ್ತಕ: ಹರಿಯುವ ನೀರಿದ್ದರೆ ಅದರಲ್ಲಿ ಕೊಡಿ, ಇಲ್ಲದಿದ್ದರೆ ನಿಂತ ನೀರಿನಲ್ಲಿ, ಅದೂ ಸಾಲದಿದ್ದರೆ ತಲೆಯ ಮೇಲೆ ಸುರಿದರೂ ಆಯಿತು. ಇದನ್ನು ಹೇಳಿಬಿಟ್ಟೆ. ಕರುಣಪ್ಪ ತಲೆ ಎತ್ತಿದ.

"ಯಾರು ಹೇಳಿದ್ರಿ ಇದನ್ನ?" ಎಂದರು ದಾನಿಯೇಲಪ್ಪನವರು.

"ನಮ್ಮ ಪ್ರೊಫೆಸರು."

"ಖಾತ್ರಿ ಅದ ಏನ್ರಿ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಪಾಠದಲ್ಲಿ ನಾನು ತೂಕಡಿಸುತ್ತಿದ್ದೆ ಎಂಬುದೂ ಅದೇ ಗಳಿಗೆಯಲ್ಲಿ ನೆನಪಾಯಿತು. ಸೋದರಮಾವನ ಮಾತಿಗೆ ಬಾದಶಹನ ಕಿರೀಟ ತೊಡಿಸಿದ ತಲೆ ಇದು. ಚರಿಗಿಯ ಕತೆ ಕೇಳಿ ಕರಗಿ, ಬೇಕಾದ ಶಾಸ್ತ್ರವನ್ನು ತಾನೇ ಹೊಸೆದಿದ್ದರೆ?

"ಖಾತ್ರಿ ಇಲ್ರಿ," ಎಂದೆ. "ಕೇಳೀನಿ ಅನಸ್ತದ. ಆಣಿ ಮಾಡಿ ಹೇಳಲಾರೆ."

ಕರುಣಪ್ಪ ನನ್ನನ್ನು ನೋಡಿದ ನೋಟವನ್ನು ಅವನೇ ಚಿತ್ರ ಬರೆದು ತೋರಿಸಬೇಕು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಎಸ್ತೇರಮ್ಮನ ದನಿ ಬಂತು: "ಅಪ್ಪಾ, ನಮ್ಮ ಮನಿಗೆ ಧರ್ಮ ಹೇಳಾಕ ಬಂದವ್ರಾಗ ಖಾತ್ರಿ ಇಲ್ಲ ಅಂದವ್ರು ಇವರೊಬ್ಬರೇ ನೋಡು."

"ನೀ ಸುಮ್ಮನಿರಬೇ," ಎಂದರು ದಾನಿಯೇಲಪ್ಪನವರು. ಆಮೇಲೆ ನನಗಲ್ಲ, ಶಾಂತಮ್ಮನ ಕಡೆ ತಿರುಗಿ ಹೇಳಿದರು: "ಪ್ರೊಫೆಸರ್ ಹೇಳಿದ್ರೋ ಬಿಟ್ರೋ, ಅದು ಬ್ಯಾರೆ. ತಲಿ ಮ್ಯಾಲ ಸುರುವಿದ್ರ ಸಾಕು ಅಂತ ಮೊದಲ ಹೇಳಿದವ ಅರಕೇರಾದಂಥ ಊರು ಕಂಡವನೇ ಇರಬೇಕು ಬಿಡ್ರಿ ಯವ್ವಾ."

ಅದೇ ಬೇಸಿಗೆಯಲ್ಲಿ, ಕರುಣಪ್ಪ ಹೊಳೆಗೆ ಇಳಿಯದೆಯೇ, ಮದುವೆಯಾಯಿತು. ಎರಡೂ ಸಭೆಗಳ ಪಾದ್ರಿಗಳು ಬಂದು, ಒಬ್ಬರ ಪ್ರಾರ್ಥನೆಗಿಂತ ಇನ್ನೊಬ್ಬರದು ಉದ್ದವಾಗುವಂತೆ ಹರಸಿದರು. ಶಾಂತಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮೊನ್ನೆ ಎಸ್ತೇರಮ್ಮ ಹೆಣ್ಣು ಹೆತ್ತಳು. ದೇವದುರ್ಗದವರು ಹೇಳುತ್ತಾರಂತೆ: "ಸ್ವಲ್ಪ ನೀರು ಸಾಕು ಅಂತ ರಾಯಚೂರ ಮಾಸ್ತರು ಹೇಳ್ಯಾರ." ಮಾನ್ವಿಯವರು ಹೇಳುತ್ತಾರಂತೆ: "ನೀರು ಇಲ್ಲದಾಗ ಮಾತ್ರ ಅಂತ ಹೇಳ್ಯಾರ. ಈ ಸಲ ಹೊಳಿ ತುಂಬಿ ಹರಿಯಾಕತ್ತದ. ಕೂಸು ದೊಡ್ಡದಾಗಲಿ, ಮುಳುಗಿಸೋಣು." ಎರಡೂ ಕಡೆಯವರಿಗೂ ಪೂರ್ಣ ಖಾತ್ರಿಯಿದೆ. ಖಾತ್ರಿ ಇಲ್ಲವೆಂದು ನಾನು ಹೇಳಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಬಂದು ಇನ್ನೊಮ್ಮೆ ಸರಿಯಾಗಿ ಹೇಳಬೇಕೆಂದು ಇಬ್ಬರೂ ಕರೆಯುತ್ತಿದ್ದಾರೆ. ನಾನು ಕೂತು ನೆನಪಿಸಿಕೊಳ್ಳುತ್ತೇನೆ. ಈಗ ಪ್ರೊಫೆಸರರ ದನಿ ಕೇಳಿಸುವುದೇ ಇಲ್ಲ, ಆ ಕಟ್ಟಳೆಯನ್ನೂ ಕಂಪೌಂಡರ್ ದಾನಿಯೇಲಪ್ಪನವರೇ ಹೇಳಿದಂತೆ ಕೇಳಿಸುತ್ತದೆ.

ಅಪೊಸ್ತಲರ ಸಭೆ ಹೇಗಿತ್ತೋ ನನಗೆ ಇಂದಿಗೂ ತಿಳಿಯದು. ಅದು ಒಡೆದದ್ದು ಹೇಗೆಂಬುದು ಮಾತ್ರ ಚೆನ್ನಾಗಿ ತಿಳಿದಿದೆ: ಮಧ್ಯಾಹ್ನದ ಪಾಠದಲ್ಲಿ ತೂಕಡಿಸಿದ ಯಾವನೋ ಒಬ್ಬ ಸಜ್ಜನ, ಎರಡು ಮನೆಗಳ ಜಗಳ ಬಿಡಿಸಲು ಹೋಗಿರಬೇಕು.