ಸೋಮವಾರ ಸಂಜೆ ಹಾಲು ಇಳಿಸುವ ಕುರಿತು ನಮ್ಮ ಎಮ್ಮೆಯವರಿಗೆ

ಕಡ್ಡಿರಾಂಪುರದ ನಮ್ಮ ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಮೆಲುಕು ಹಾಕುತ್ತಿರುವ ಎಮ್ಮೆಯವರ ಪಾದಗಳಿಗೆ, ಮುಖ್ಯವಾಗಿ ಒದೆಯುವ ಆ ಹಿಂದಿನ ಬಲಪಾದಕ್ಕೆ, ಶರಣು.

ಮಾನ್ಯರೇ,

ನಾನು ಬೆಳಿಗ್ಗೆ ಸಂಜೆ ತಮ್ಮ ಹಾಲು ಹಿಂಡುವವಳು, ಮಧ್ಯಾಹ್ನ ಶಾಲೆಯ ಬಿಸಿಯೂಟದ ಅಡುಗೆಯವಳು, ಯಾವಾಗಲೂ ಪಕ್ಕೀರಪ್ಪನ ಹೆಂಡತಿ ಮತ್ತು ತಿಪ್ಪಕ್ಕನ ಸೊಸೆ, ಇವುಗಳ ನಡುವೆ ಉಸಿರಾಡಲು ಬಿಡುವು ಸಿಕ್ಕರೆ ಅಡುಗೆಯವರ ಸಂಘದ ಮುಖಂಡೆ. ಮಹಿಳಾ ದಿನಕ್ಕೆ ಕಾರಿನಲ್ಲಿ ಬಂದಿದ್ದ ಮೇಡಂ ಒಬ್ಬರು ಬದುಕಿನಲ್ಲಿ ಸಮತೋಲನ ಸಾಧಿಸಿರೆಂದು ಭಾಷಣ ಮಾಡಿ, ಕಾರಿನಲ್ಲೇ ಹೋದರು. ಪಾಪ, ಅವರು ತಮ್ಮನ್ನು ನೋಡಿಲ್ಲ. ಮೂರು ಕಾಲ ಮೇಲೆ ನಿಂತು, ನಾಲ್ಕನೆಯದರಿಂದ ಬಕೆಟ್ ಒದ್ದು, ಬಾಲದಿಂದ ನನ್ನ ಗಂಡನ ಕೆನ್ನೆಗೆ ಬಾರಿಸುವಾಗಲೂ ಮೆಲುಕು ನಿಲ್ಲಿಸದ ತಮ್ಮ ಸಮತೋಲನ ಯಾವ ಮೇಡಂಗೆ ಬಂದೀತು?

ಸೋಮವಾರ ಹೊಸಪೇಟೆಯ ಶಿಕ್ಷಣ ಇಲಾಖೆಯ ಕಚೇರಿ ಎದುರು ನಮ್ಮ ಸಂಘದ ಧರಣಿ ಇದೆ. ನಮ್ಮನ್ನು ನೌಕರರೆಂದು ಒಪ್ಪಿಕೊಳ್ಳಿ ಎಂಬುದು ಬೇಡಿಕೆ. ಎಮ್ಮೆ ಹಿಂಡುವ ಹೊತ್ತಾದರೆ ಹೆಂಗಸರು ತಾವೇ ಎದ್ದು ಹೋಗುತ್ತಾರೆಂದು ಗೊತ್ತಿರುವ ಸಾಹೇಬರು ಅಲ್ಲಿಯ ತನಕ ಒಳಗೇ ಕುಳಿತಿರುತ್ತಾರೆ. ಹೋದ ಸಲ ನಾವು ಬಸ್ ಹತ್ತಿದ ಮೇಲೆ ಹೊರಬಂದು, ಖಾಲಿ ಶಾಮಿಯಾನವನ್ನು ಮನವಿ ಎಲ್ಲಿ ಎಂದು ಕೇಳಿದರಂತೆ. ಈ ಸಲ ಅವರು ಬರುವ ತನಕ ನಾನು ಏಳುವುದಿಲ್ಲ. ಆದರೆ ತಾವು ನನ್ನ ಕೈಗಲ್ಲದೆ ಯಾರಿಗೂ ಹನಿ ಹಾಲು ಇಳಿಸುವುದಿಲ್ಲ.

ಅದಕ್ಕೇ ನಿನ್ನೆ ಪಕ್ಕೀರಪ್ಪನಿಗೆ ನನ್ನ ಸೀರೆ ಉಡಿಸಿ, ಸೆರಗು ಹೊದಿಸಿ ಕೂರಿಸಿದೆವು. ತಾವು ಮೂಸಿದಿರಿ, ಒಪ್ಪಿದಿರಿ, ಹಾಲು ಮಾತ್ರ ಬಿಡಲಿಲ್ಲ. ಕೊನೆಗೆ ಅತ್ತೆಗೇ ಹೊಳೆಯಿತು. ನಾನು ಧರಣಿಯ ಘೋಷಣೆಗಳ ತಾಲೀಮು ಮಾಡುವುದು ಹಾಲು ಹಿಂಡುವಾಗಲೇ. ತಮಗೂ ಅದೇ ರೂಢಿ. ಆತ ನಾಚಿಕೊಂಡು ‘ಬೇಕೇ ಬೇಕು, ನ್ಯಾಯ ಬೇಕು’ ಎಂದು ಗೊಣಗಿದ. ‘ಲೇ ಪಕ್ಕೀರ, ಗಟ್ಟಿ ಒದರಲೇ, ಎಮ್ಮಿಗಿ ಕೇಳವಲ್ದು’ ಎಂದರು ಅತ್ತೆ. ಒದರಿದ. ಹಾಲು ಇಳಿಯಿತು. ಪಕ್ಕದ ಹೋಂಸ್ಟೇಯ ಪ್ರವಾಸಿಗರೆಲ್ಲ ಬಂದು ವಿಡಿಯೊ ಮಾಡಿಕೊಂಡರು. ನೆರೆಮನೆಯ ಹುಲಿಗೇಶ ಗೋಡೆಯ ಮೇಲಿಂದ ಇಣುಕಿ, ಸೀರೆಯಲ್ಲಿದ್ದ ಪಕ್ಕೀರಪ್ಪನಿಗೇ ‘ಯಕ್ಕಾ, ಯಾವ ಪಾರ್ಟಿರೀ ನಿಮ್ದು?’ ಎಂದ.

‘ಸೀರಿ ಬೇಕಾದ್ರ ಉಡ್ತೀನಿ, ಇಲ್ಲ ಘೋಷಣೆ ಕೂಗ್ತೀನಿ. ಎರಡೂ ಒಮ್ಮಿಗೇ ನನ್ನ ಕೈಲಿ ಆಗಂಗಿಲ್ಲ’ ಎಂದು ನನ್ನ ಗಂಡ ನಿನ್ನೆಯಿಂದ ಮುಷ್ಕರ ಹೂಡಿ, ಈಗ ಎರಡನ್ನೂ ಬಿಟ್ಟು ಕುಳಿತಿದ್ದಾನೆ. ಇಷ್ಟು ವರ್ಷ ಎರಡನ್ನೂ ಒಮ್ಮೆಗೇ ಮಾಡಿದವಳು ಯಾರೆಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಅನ್ನವಿತ್ತು.

ಆದ್ದರಿಂದ ಸೋಮವಾರ ಒಂದು ಸಂಜೆ ತಾವು ಗಂಡಸಿನ ಲುಂಗಿಯನ್ನೂ ಮೌನವನ್ನೂ ಸಹಿಸಿಕೊಂಡು ಹಾಲು ಇಳಿಸಬೇಕೆಂದು ಕೋರುತ್ತೇನೆ. ಆಗದಿದ್ದರೆ ತಾವೇ ಹಿಂಡಿಕೊಂಡು, ಕಾಸಿ, ಹೆಪ್ಪು ಹಾಕಿ, ಅತ್ತೆಗೆ ಚಹಾ ಮಾಡಿಕೊಡಬೇಕು. ಸಕ್ಕರೆ ಮೇಲಿನ ಡಬ್ಬಿಯಲ್ಲಿದೆ.

ತಮ್ಮ ಕೆಚ್ಚಲನ್ನು ನಂಬಿ, ಕಾಲಿಗೆ ಅಂಜಿ ಬದುಕಿರುವ ವಿಶ್ವಾಸಿ,
ಉಚ್ಚಂಗೆಮ್ಮ

ತಾ.ಕ.: ಇದಕ್ಕೂ ಒಪ್ಪದಿದ್ದರೆ ತಮ್ಮನ್ನು ಹಗ್ಗ ಹಿಡಿದು ಹೊಸಪೇಟೆಗೆ ಕರೆತಂದು ಸಾಹೇಬರ ಬಾಗಿಲಿಗೇ ಕಟ್ಟುತ್ತೇನೆ. ಉಳಿದ ಹೆಂಗಸರೂ ತಮ್ಮ ತಮ್ಮ ಎಮ್ಮೆ ಹೊಡೆದುಕೊಂಡು ಬರುವುದಾಗಿ ಹೇಳಿದ್ದಾರೆ. ಹಾಲು ಅಲ್ಲೇ ಹಿಂಡುತ್ತೇವೆ, ಸಾಹೇಬರಿಗೂ ಒಂದು ಲೋಟ ಕೊಡುತ್ತೇವೆ. ಅಲ್ಲಿ ಬೀಳುವ ಸಗಣಿ ಬಳಿಯುವುದು ಮಾತ್ರ ನಮ್ಮ ಕೆಲಸವಲ್ಲ. ಅದಕ್ಕೆ ಬೇಕಾದರೆ ಅವರು ನೌಕರರನ್ನು ಇಟ್ಟುಕೊಳ್ಳಲಿ.