ಹನ್ನೆರಡು ವೋಲ್ಟಿನ ಮೇಷ್ಟ್ರು

ಒಂದು ವಿಷಯವನ್ನು ಪಾಠ ಮಾಡುವುದಕ್ಕೂ ಆ ವಿಷಯ ಗೊತ್ತಿರುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧವೇನೂ ಇಲ್ಲ. ಈ ಸತ್ಯ ನಮ್ಮ ಮೇಷ್ಟರ ಕುಲಕ್ಕೆಲ್ಲ ಗೊತ್ತು. ಹೊರಗೆ ಬಾಯಿ ಬಿಡುವುದಿಲ್ಲ, ಅಷ್ಟೆ. ನಾನು ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಫಿಸಿಕ್ಸ್ ಹೇಳಿಕೊಡುತ್ತಿದ್ದೇನೆ. ಅದರಲ್ಲೂ ವಿದ್ಯುತ್ತಿನ ಅಧ್ಯಾಯವೆಂದರೆ ನನಗೆ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬ್ಯಾಟರಿ ಬರೆದು, ರೆಸಿಸ್ಟರ್ ಬರೆದು, ಕರೆಂಟು ಯಾವ ಕಡೆ ಹರಿಯುತ್ತದೆಂದು ಬಾಣ ಹಾಕಿ ತೋರಿಸಬಲ್ಲೆ. ಆದರೆ ಬೋರ್ಡಿನ ಮೇಲಿನ ಗೆರೆ ನಿಜವಾದ ವೈರಾಗಿ ಕೈಗೆ ಬಂತೋ, ನನ್ನ ಜ್ಞಾನ ಅಲ್ಲಿಗೆ ಮುಗಿಯಿತು. ನಮ್ಮ ಲ್ಯಾಬಿನಲ್ಲಿ ಕನೆಕ್ಷನ್ನುಗಳನ್ನೆಲ್ಲ ಕೊಡುವವನು ಅಟೆಂಡರು. ನಾನು ಕೈ ಚಾಚಿದರೆ ಸಾಕು, "ಸಾರ್, ನೀವು ಮುಟ್ಬೇಡಿ, ಮಕ್ಕಳಿಗೆ ಥಿಯರಿ ಹೇಳ್ತಾ ಇರಿ" ಎಂದು ಗೌರವದಿಂದ ದೂರ ನಿಲ್ಲಿಸುತ್ತಾನೆ. ಮನೆಯಲ್ಲಿ ಟ್ಯೂಬ್‌ಲೈಟ್ ಕೆಟ್ಟರೆ ಹೆಂಡತಿ ಗಿರಿಜಾ ಪಕ್ಕದಲ್ಲೇ ಕೂತಿರುವ ನನ್ನನ್ನು ದಾಟಿಕೊಂಡು ಹೋಗಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾಳೆ. ಅವಳು ಅಷ್ಟು ವಿವೇಕಿ.

ಈಗ ಹೇಳಹೊರಟ ಕತೆಗೆಲ್ಲ ಕಾರಣ ಅವಳ ಅಪ್ಪ. ಅಂದರೆ ನನ್ನ ಮಾವನವರು. ರಾಣೆಬೆನ್ನೂರಿನಲ್ಲಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಹತ್ತಿಯೇ ಮೇಲೆ ಬಂದು ನಿವೃತ್ತರಾದವರು. ಮದುವೆಗೆ ಮುಂಚೆ ಹುಡುಗ ಫಿಸಿಕ್ಸ್ ಲೆಕ್ಚರರ್ ಎಂದು ಕೇಳಿ ಬಹಳ ಖುಷಿಪಟ್ಟರಂತೆ. ಮದುವೆಯಾದ ಹೊಸದರಲ್ಲಿ ಅವರ ಮನೆಗೆ ಹೋದಾಗ, ಫ್ಯೂಸು ಹೋಯಿತೆಂದು ನನ್ನ ಕೈಗೆ ತಂತಿ ಕೊಟ್ಟರು. ನಾನು ಆ ತಂತಿಯನ್ನು ಹಿಡಿದುಕೊಂಡು ಫ್ಯೂಸ್ ಕರಗುವ ತತ್ತ್ವವನ್ನು ವಿವರಿಸಿದೆ. ಅವರು ಕತ್ತಲಲ್ಲೇ ಪೂರ್ತಿ ಕೇಳಿಸಿಕೊಂಡು, ತಂತಿ ವಾಪಸು ತೆಗೆದುಕೊಂಡು ತಾವೇ ಹಾಕಿದರು. ಅಂದಿನಿಂದ ನನ್ನನ್ನು ಅಳಿಯಂದಿರೇ ಎಂದು ಕರೆದದ್ದಿಲ್ಲ. ಮಾಸ್ತರ್ರ ಎನ್ನುತ್ತಾರೆ. ಆ ಮಾತಿನಲ್ಲಿ ಏನಿದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಇಪ್ಪತ್ತು ವರ್ಷಗಳಿಂದ ನನಗಿದ್ದ ಆಸೆ ಒಂದೇ: ಒಂದು ಸಲ, ಒಂದೇ ಒಂದು ಸಲ, ಈ ಮನುಷ್ಯ ನನ್ನನ್ನು ನೋಡಿ ಭೇಷ್ ಅನ್ನಬೇಕು.

ಹೋದ ವರ್ಷ ಅವರು ಬಂದಿದ್ದಾಗ ನಾನೂ ಗಿರಿಜಾಳೂ ಅವರನ್ನು ಒಂದು ಮದುವೆಯ ರಾತ್ರಿ ಊಟಕ್ಕೆ ಕರೆದುಕೊಂಡು ಹೊರಟಿದ್ದೆವು. ಅವರ ಹಲ್ಲಿನ ಸೆಟ್ಟು ಕರವಸ್ತ್ರದಲ್ಲಿತ್ತು. ಊಟದ ಹೊತ್ತಿಗೆ ಮಾತ್ರ ಹಾಕಿಕೊಳ್ಳುವುದು ಅವರ ಪದ್ಧತಿ. ಕಾರಿನಲ್ಲಿ ಅದು ಕೈಜಾರಿ ಸೀಟಿನ ಕೆಳಗೆ ಬಿತ್ತು. ನನ್ನ ಹಳೆಯ ಕಾರಿನ ಒಳದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು. ಕತ್ತಲಲ್ಲಿ ತಡಕಾಡಿದರೂ ಹಲ್ಲು ಸಿಗಲಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಹೋಳಿಗೆ ಮೆಲ್ಲುತ್ತಿದ್ದರೆ ಮಾವನವರು ಪಾಯಸ ಕುಡಿದು ಎದ್ದರು. ಬರುವಾಗ ಕಾರಿನಲ್ಲಿ, "ಫಿಜಿಕ್ಸ್ ಮಾಸ್ತರ್ರ ಕಾರಿನಾಗ ಒಂದ್ ಲೈಟ್ ಇಲ್ಲ ನೋಡವಾ" ಎಂದು ಮಗಳಿಗೆ ಹೇಳಿದರು. ನನಗೆ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹಾಗಾಗಿ ಈ ಸಲ ಅವರು ಬರುತ್ತಾರೆಂದು ಫೋನು ಬಂದಾಗ ನಾನು ಶಪಥ ಮಾಡಿದೆ. ಅಂಗಡಿಯಲ್ಲಿ ಸಿದ್ಧ ದೀಪ ಕೊಂಡು ತಂದು ಹಾಕಿಸಬಹುದಿತ್ತು. ಯಾವ ಮೂರ್ಖನಾದರೂ ಅದನ್ನು ಮಾಡುತ್ತಾನೆ. ನಾನು ಎಲ್‌ಇಡಿಗಳನ್ನು ಬಿಡಿಬಿಡಿಯಾಗಿ ತಂದು, ನನ್ನ ಕೈಯಾರೆ ದೀಪ ಮಾಡಿ, ನನ್ನ ಕೈಯಾರೆ ವೈರ್ ಎಳೆದು ಕೂರಿಸುತ್ತೇನೆ ಎಂದೆ. ಗಿರಿಜಾ ಮೊದಲು ಕಾರಿನ ಇನ್ಶೂರೆನ್ಸ್ ಕಾಗದ ಎಲ್ಲಿದೆ ಎಂದು ಹುಡುಕಿದಳು.

ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟು. ಮೂರು ಎಲ್‌ಇಡಿ ಸಾಲಾಗಿ ಇಟ್ಟರೆ ಅವಕ್ಕೆ ಒಂಬತ್ತೂವರೆ ಹೋಗುತ್ತದೆ. ಉಳಿದ ಎರಡೂವರೆಯನ್ನು ಒಂದು ರೆಸಿಸ್ಟರ್ ನುಂಗಿಕೊಂಡರೆ ಆಯಿತು. ಈ ಲೆಕ್ಕವನ್ನು ಪ್ರತಿ ವರ್ಷ ಪರೀಕ್ಷೆಗೆ ಕೊಡುತ್ತೇನೆ. "ಒಂದು ಕಾರಿನ ಬ್ಯಾಟರಿ 12 ವೋಲ್ಟ್ ಇದ್ದರೆ" ಎಂದೇ ಶುರುವಾಗುತ್ತದೆ. ಎಂಟು ವರ್ಷದ ಹಿಂದೆ ಇದೇ ಲೆಕ್ಕ ಮಾಡಿಸುತ್ತಿದ್ದಾಗ ಮಂಜುಳಾ ಎಂಬ ಹುಡುಗಿ ಎದ್ದು ನಿಂತಿದ್ದಳು. "ಸಾರ್, ಗಾಡಿ ಸ್ಟಾರ್ಟ್ ಆದ್ಮೇಲೆ ಹನ್ನೆರಡು ಇರಲ್ಲ ಸಾರ್, ಹದಿನಾಲ್ಕರ ಮೇಲೆ ಬರುತ್ತೆ. ನಮ್ಮಪ್ಪನ ಅಂಗಡೀಲಿ ನೋಡಿದೀನಿ" ಎಂದಳು. ಕುರುಬರಹಳ್ಳಿಯಲ್ಲಿ ಅವರಪ್ಪನಿಗೆ ಗಾಡಿಗಳ ವೈರಿಂಗ್ ಅಂಗಡಿ ಇತ್ತಂತೆ. ನಾನು ಚಾಕ್‌ಪೀಸ್ ಕೆಳಗಿಡದೆ, "ಪ್ರಶ್ನೇಲಿ ಎಷ್ಟು ಕೊಟ್ಟಿದೆಯೋ ಅಷ್ಟು ತಗೋಮ್ಮಾ. ಇದು ಕಾಲೇಜು, ನಿಮ್ಮಪ್ಪನ ಅಂಗಡಿ ಅಲ್ಲ" ಎಂದೆ. ಕ್ಲಾಸೆಲ್ಲ ನಕ್ಕಿತು. ನನ್ನ ಹಾಸ್ಯಪ್ರಜ್ಞೆಯನ್ನು ನಾನೇ ಮೆಚ್ಚಿಕೊಂಡೆ. ಪರೀಕ್ಷೆಯಲ್ಲೂ ಆ ಹುಡುಗಿ ಹದಿನಾಲ್ಕು ಎಂದೇ ಬರೆದಳು. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.

ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಕಾರ್ಯಾರಂಭವಾಯಿತು. ವಿಡಿಯೋದಲ್ಲಿ ಒಬ್ಬ ಐದು ನಿಮಿಷದಲ್ಲಿ ಇಡೀ ದೀಪ ಮಾಡಿ ಮುಗಿಸಿದ್ದ. ನನಗೆ ಮೊದಲನೆಯ ಎಲ್‌ಇಡಿಯ ಉದ್ದ ಕಾಲು ಯಾವುದು, ಗಿಡ್ಡ ಕಾಲು ಯಾವುದು ಎಂದು ಕನ್ನಡಕ ಬದಲಿಸಿ ನೋಡುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು. ಬೆಸುಗೆ ಹಾಕುವ ಕಡ್ಡಿಯಿಂದ ಮೇಜಿನ ಮೇಲೆ ಎರಡು ಕಪ್ಪು ಗುರುತು, ನನ್ನ ಹೆಬ್ಬೆರಳ ಮೇಲೆ ಒಂದು ಕೆಂಪು ಗುರುತು ಬಿದ್ದವು. ದೀಪಗಳನ್ನು ಕೂರಿಸಲು ಉಪ್ಪಿನಕಾಯಿ ಡಬ್ಬಿಯ ದೊಡ್ಡ ಮುಚ್ಚಳ ಸರಿಯಾಗಿತ್ತು. ತೊಳೆದೆ. ವಾಸನೆ ಹೋಗಲಿಲ್ಲ, ಬೆಳಕಿಗೂ ವಾಸನೆಗೂ ಸಂಬಂಧವಿಲ್ಲವೆಂದು ಬಿಟ್ಟೆ. ಸಂಜೆ ಹೊತ್ತಿಗೆ ಹನ್ನೆರಡು ಎಲ್‌ಇಡಿಗಳ ದೀಪ ತಯಾರಾಯಿತು. ಕಾರಿನ ಬ್ಯಾಟರಿಗೆ ತಾಗಿಸಿ ನೋಡಿದೆ. ಬೆಳ್ಳಗೆ ಹತ್ತಿತು. ಗಿರಿಜಾ ಕೂಡ "ಅಯ್ಯೋ, ಹತ್ತಿತಲ್ರೀ" ಎಂದಳು. ಅವಳ ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು, ಇರಲಿ.

ಇನ್ನು ಉಳಿದದ್ದು ಕಾರಿನೊಳಗೆ ಕರೆಂಟು ಎಲ್ಲಿಂದ ತೆಗೆದುಕೊಳ್ಳುವುದು ಎಂಬುದು. ಹಿಂದಿನ ಸೀಟಿನ ಮೇಲೆ ದೀಪ ಅಂಟಿಸಿದ್ದರಿಂದ ಡಿಕ್ಕಿಯ ವೈರುಗಳೇ ಹತ್ತಿರ ಎಂದುಕೊಂಡೆ. ಗಿರಿಜಾಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಕೀ ಹಾಕು ಎಂದು ಹೇಳಿ, ನಾನು ಡಿಕ್ಕಿಗೆ ತಲೆ ತೂರಿಸಿ ಮೀಟರ್ ಹಿಡಿದು ಒಂದೊಂದೇ ವೈರು ನೋಡಿದೆ. ಒಂದು ವೈರಿನಲ್ಲಿ ಸರಿಯಾಗಿ ಹನ್ನೆರಡು ತೋರಿಸಿತು. ಅದಕ್ಕೇ ಜೋಡಿಸಿ ಟೇಪು ಸುತ್ತಿದೆ. ದೀಪ ಹತ್ತಿತು. ಆಮೇಲೆ ಗಿರಿಜಾ ಕೆಳಗಿಳಿದಳು. ದೀಪ ಆರಿತು. ಮತ್ತೆ ಹೋಗಿ ಕೂತಳು, ಹತ್ತಿತು. ನನಗೆ ಮೈಯೆಲ್ಲ ರೋಮಾಂಚನ. "ನೋಡಿದೇನೇ, ಮನುಷ್ಯರು ಕೂತ್ರೆ ಹತ್ತುತ್ತೆ, ಇಳಿದ್ರೆ ಆರುತ್ತೆ. ಆಟೋಮ್ಯಾಟಿಕ್" ಎಂದೆ. ನಾನು ಮಾಡದೆಯೇ ಆಗಿಬಿಟ್ಟ ಆ ಸೌಕರ್ಯವನ್ನು ನನ್ನ ಪ್ರತಿಭೆಯ ಖಾತೆಗೆ ಸೇರಿಸಿಕೊಂಡೆ. ಅವಳು ಕೂತಾಗಲೆಲ್ಲ ಕಾಲು ಆರಾಮಾಗಿ ಬ್ರೇಕ್ ಪೆಡಲಿನ ಮೇಲಿಟ್ಟುಕೊಳ್ಳುತ್ತಿದ್ದಳು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಸಂಜೆ ಮಾವನವರನ್ನು ಕರೆತರಲು ಯಶವಂತಪುರದ ಸ್ಟೇಷನ್ನಿಗೆ ಒಬ್ಬನೇ ಹೋದೆ. ಹೋಗುವಾಗ ಇನ್ನೂ ಬೆಳಕಿತ್ತು, ದೀಪದ ಕಡೆ ಗಮನ ಹೋಗಲಿಲ್ಲ. ಅವರು ಹಿಂದಿನ ಸೀಟಿನಲ್ಲಿ ಕೂತರು. ಈ ಸಲ ಹಲ್ಲಿಗೆ ಒಂದು ಸ್ಟೀಲ್ ಡಬ್ಬಿ ಮಾಡಿಸಿಕೊಂಡು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅದೊಂದು ಮೌನವಾದ ಟೀಕೆ. ಕತ್ತಲಾಗುತ್ತಿತ್ತು. ಸ್ಟೇಷನ್ನಿನ ಗೇಟಿನಲ್ಲಿ ಕಾರು ನಿಧಾನ ಮಾಡಿದೆ. ಕಾರಿನೊಳಗೆಲ್ಲ ಬೆಳ್ಳಗೆ ಬೆಳಕು ಸುರಿಯಿತು. "ಇದೇನ್ರಿ?" ಎಂದರು. "ನಾನೇ ಮಾಡಿದ್ದು ಮಾವ. ಕೈಯಾರೆ" ಎಂದೆ. "ಅಗದೀ ಚಲೋ ಆತು" ಎಂದು ಡಬ್ಬಿಯ ಮೇಲಿದ್ದ ಒಂದು ಕೈ ಸಡಿಲಿಸಿದರು. ಕಾರು ಮುಂದೆ ಹೋಯಿತು. ದೀಪ ಆರಿತು.

ಬೆಂಗಳೂರಿನಲ್ಲಿ ಸಂಜೆ ಏಳು ಗಂಟೆಗೆ ಕಾರು ಓಡಿಸುವುದೆಂದರೆ ಬ್ರೇಕ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒತ್ತಿದಾಗಲೆಲ್ಲ ಹತ್ತಿತು, ಬಿಟ್ಟಾಗಲೆಲ್ಲ ಆರಿತು. ಬಸ್ಸು ಅಡ್ಡ ಬಂತು, ಹತ್ತಿತು. ಹಸು ಅಡ್ಡ ಬಂತು, ಹತ್ತಿತು. ಹಂಪು ಬಂದ ಕಡೆಯೆಲ್ಲ ಮಾವನವರ ಮುಖ ಕನ್ನಡಿಯಲ್ಲಿ ಒಮ್ಮೆ ಪ್ರತ್ಯಕ್ಷವಾಗಿ ಮಾಯವಾಗುತ್ತಿತ್ತು. ಸಿಗ್ನಲ್ಲಿನಲ್ಲಿ ಊಟದ ಡಬ್ಬ ಹೊತ್ತ ಬೈಕಿನವನೊಬ್ಬ ಕಿಟಕಿಗೆ ಬಗ್ಗಿ, "ಏನ್ ಸಾರ್, ಒಳಗೆ ಆರ್ಕೆಸ್ಟ್ರಾನಾ?" ಎಂದು ಕೇಳಿದ. ಎರಡನೆಯ ಸಿಗ್ನಲ್ ಬರುವಷ್ಟರಲ್ಲಿ ಮಾವನವರು ಕಂಡುಹಿಡಿದಿದ್ದರು. "ಮಾಸ್ತರ್ರ, ಬ್ರೇಕ್ ಲೈಟಿನ ವೈರಿಗೆ ಹಚ್ಚೀರಿ ನೋಡ್ರಿ" ಎಂದರು. ಭೂಗೋಳದ ಮಾಹಿತಿ ಹೇಳುವ ಹಾಗೆ, ಶಾಂತವಾಗಿ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೆಳಕು ಬರಬರುತ್ತ ಅತಿಯಾಗಿ ಪ್ರಖರವಾಗಿ, ಆಮೇಲೆ ನೀಲಿ ತಿರುಗಿ, ಮೂರು ಮೂರು ದೀಪಗಳು ಒಟ್ಟೊಟ್ಟಿಗೆ ಸಾಯತೊಡಗಿದವು. ಜೊತೆಗೆ ಮುಚ್ಚಳ ಕಾದು ಕಾರಿನೊಳಗೆ ಘಮಘಮ ಎಂದಿತು. "ಉಪ್ಪಿನಕಾಯಿ ಏನರ ತಂದೀರೇನು?" ಎಂದು ಮಾವನವರು ಕೇಳಿದರು. ನಾನು ಕಿಟಕಿಯ ಗಾಜು ಇಳಿಸಿದೆ. ಕುರುಬರಹಳ್ಳಿ ದಾಟುವಾಗ ಕೊನೆಯ ಮೂರೂ ಹೋದವು. ಕತ್ತಲಲ್ಲಿ ಡಬ್ಬಿಯನ್ನು ಮತ್ತೆ ಎರಡೂ ಕೈಯಿಂದ ಹಿಡಿದುಕೊಂಡ ಸದ್ದು ಕೇಳಿಸಿತು. "ಗಾಡಿ ಕಡೀಗೆ ಹಚ್ಚ್ರಿ. ಸುಟ್ಟ ವೈರ್ ಇಟ್ಕೊಂಡು ಹೋಗೂದು ಬ್ಯಾಡ. ಅಲ್ಲೊಂದು ಅಂಗಡಿ ಐತಿ" ಎಂದರು.

ಆ ಅಂಗಡಿಯ ಬೋರ್ಡಿನ ಮೇಲೆ ಬ್ಯಾಟರಿಯ ಚಿತ್ರವಿತ್ತು. ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದವಳು ನನ್ನನ್ನು ನೋಡಿ, "ಸಾರ್, ನೀವಾ? ನಾನು ಮಂಜುಳಾ ಸಾರ್" ಎಂದಳು. ಭೂಮಿ ಬಾಯಿ ಬಿಡಲಿಲ್ಲ; ಬೇಕಾದಾಗ ಎಂದೂ ಬಿಡುವುದಿಲ್ಲ. ಡಿಪ್ಲೊಮಾ ಮುಗಿಸಿ ಈಗ ಅಪ್ಪನ ಅಂಗಡಿಯನ್ನು ತಾನೇ ನಡೆಸುತ್ತಿದ್ದಾಳಂತೆ. ಅವಳು ನನ್ನ ಮುಚ್ಚಳವನ್ನು ಕಿತ್ತು ತಿರುಗಿಸಿ ನೋಡಿದಳು. ಮೂಸಿಯೂ ನೋಡಿದಳು.

"ಎಷ್ಟು ವೋಲ್ಟ್ ಅಂತ ಲೆಕ್ಕ ಹಾಕಿದ್ರಿ ಸಾರ್?"

"ಹನ್ನೆರಡು" ಎಂದೆ.

ಅವಳು ತಲೆ ಎತ್ತಲಿಲ್ಲ. "ಪ್ರಶ್ನೇಲಿ ಅಷ್ಟೇ ಕೊಟ್ಟಿರ್ತಾರಲ್ವಾ ಸಾರ್" ಎಂದಳು.

ನಗಲಿಲ್ಲ, ವ್ಯಂಗ್ಯವನ್ನೂ ಬೆರೆಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಎಂಟು ವರ್ಷದ ಹಿಂದೆ ಕ್ಲಾಸೆಲ್ಲ ನಕ್ಕಾಗ ಅವಳು ತಲೆ ತಗ್ಗಿಸಿ ಕೂತದ್ದು ನೆನಪಾಗಿ ನಾಚಿಕೆಯಾಯಿತು. ಆಮೇಲೆ ಮಾವನವರ ಕಡೆ ತಿರುಗಿ ವಿವರಿಸಿದಳು: "ಅಜ್ಜಾರೆ, ಇಂಜಿನ್ ಓಡುವಾಗ ಹದಿನಾಲ್ಕರ ಮೇಲೆ ಬರುತ್ತಲ್ವಾ? ರೆಸಿಸ್ಟರ್‌ಗೆ ಎರಡೂವರೆ ಉಳಿಯೋ ಕಡೆ ನಾಲ್ಕೂವರೆ ಉಳಿಯುತ್ತೆ. ಕರೆಂಟು ಹತ್ರತ್ರ ಡಬಲ್ ಹರಿದು ಸುಟ್ಟಿದೆ." ಮಾವನವರು ಸಣ್ಣ ಮಗುವಿನಂತೆ ಬಗ್ಗಿ ನೋಡುತ್ತ, ಹೌದ್ ಹೌದ್ ಎನ್ನುತ್ತಿದ್ದರು. ಅವಳು ಹೊಸ ಎಲ್‌ಇಡಿ ಹಾಕಿ, ಸರಿಯಾದ ರೆಸಿಸ್ಟರ್ ಕೂರಿಸಿ, ಬ್ರೇಕಿನ ವೈರು ಬಿಡಿಸಿ, ಫ್ಯೂಸಿನ ಕಡೆಯಿಂದ ಬೇರೆ ವೈರು ಎಳೆದು, ನನ್ನ ಕೈಗೆಟುಕುವಂತೆ ಒಂದು ಪುಟ್ಟ ಸ್ವಿಚ್ಚು ಇಟ್ಟಳು. ನನ್ನ ಒಂದು ಭಾನುವಾರದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದಳು. "ಯಾರ ಕಡೆ ಕಲ್ತೀಯವಾ ಇಷ್ಟು ಚಲೋ?" ಎಂದು ಮಾವನವರು ಕೇಳಿದರು. ಅವಳು ಒಂದು ಕ್ಷಣ ನನ್ನನ್ನು ನೋಡಿ, "ಫಿಸಿಕ್ಸ್ ನಮಗೆ ಸಾರೇ ಹೇಳಿಕೊಟ್ಟಿದ್ದು" ಎಂದಳು.

ಕಾರು ಹೊರಟಿತು. ಸ್ವಿಚ್ಚು ಹಾಕಿದ್ದೆ, ದೀಪ ನೆಟ್ಟಗೆ, ಅಲುಗದೆ ಬೆಳಗುತ್ತಿತ್ತು. ಸ್ವಲ್ಪ ದೂರ ಮಾವನವರು ದೀಪವನ್ನೇ ನೋಡುತ್ತ ಕೂತರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರ" ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. "ನಿಮ್ಮನ್ನ ನಾ ತಪ್ಪು ತಿಳ್ಕೊಂಡಿದ್ದೆ. ನಿಮಗ ಕೈಕೆಲಸ ಬರೂದಿಲ್ಲ, ಮಾಡೂಮುಂದ ಹದಿನಾಲ್ಕು ಮರೀತೀರಿ, ಅದು ಬ್ಯಾರೆ ಮಾತು. ಆದ್ರ ಎಂಥಾ ಹುಡುಗೀನ ತಯಾರು ಮಾಡೀರಿ. ಆಕಿಗೆ ಆ ಹದಿನಾಲ್ಕು ವೋಲ್ಟಿನ ಬುದ್ಧಿ ಬರಬೇಕಂದ್ರ ನೀವು ಎಷ್ಟು ತಿಳಿಸಿ ಹೇಳಿರಬೇಕು. ಭೇಷ್."

ಹೇಳಬೇಕಿತ್ತು. ಆ ಹದಿನಾಲ್ಕಕ್ಕೆ ನಾನು ಕೆಂಪು ಗೆರೆ ಎಳೆದವನು ಮಾವ, ಎಂದು ಬಾಯಿ ತೆರೆದೂ ತೆರೆದೆ. ಕನ್ನಡಿಯಲ್ಲಿ ನೋಡಿದರೆ ಅವರು ಡಬ್ಬಿಯಿಂದ ಹಲ್ಲಿನ ಸೆಟ್ಟು ತೆಗೆದು ಹಾಕಿಕೊಂಡು, ಮಗಳು ಮಾಡಿರುವ ಊಟಕ್ಕೆ ಸಿದ್ಧರಾಗಿ, ನನ್ನನ್ನೇ ನೋಡಿ ನಗುತ್ತಿದ್ದರು. ಇಪ್ಪತ್ತು ವರ್ಷ ಕಾದು ಪಡೆದ ಭೇಷ್ ಅದು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮಂಜುಳಾ ಹಾಕಿಕೊಟ್ಟ ದೀಪ ಬಹಳ ಚೆನ್ನಾಗಿತ್ತು. ನನ್ನ ಮುಖ ಕೂಡ ಆ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಕೈ ಚಾಚಿ ಸ್ವಿಚ್ಚು ಆರಿಸಿದೆ.

"ಯಾಕ ಆರಿಸಿದ್ರಿ?" ಎಂದರು ಮಾವನವರು.

"ಸುಮ್ನೆ ಯಾಕೆ ಮಾವ, ಬ್ಯಾಟರಿ ಖರ್ಚಾಗುತ್ತೆ" ಎಂದೆ.

ಹಿಂದಿನ ಸೀಟಿನಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿದ ಸದ್ದಾಯಿತು.

"ಇಂಜಿನ್ ಚಾಲೂ ಇದ್ದಾಗ ಬ್ಯಾಟರಿ ತುಂಬತದ್ರಿ, ಖರ್ಚಾಗೂದಿಲ್ಲ" ಎಂದರು. ಆಮೇಲೆ ನಿಧಾನವಾಗಿ ಸೇರಿಸಿದರು: "ನಾಳೆ ಆ ಹುಡುಗಿ ಕಡೆ ಒಂದೀಟು ಪಾಠ ಹೇಳಿಸಿಕೊಂಡು ಬರ್ರಿ, ಮಾಸ್ತರ್ರ."